ಎರಡನೆಯ ಬುಟ್ಟಿ

ತಂಗೆವ್ವನ ಬಗ್ಗೆ ನಾನು ಬರೆಯುತ್ತಿರುವುದು ಇದು ಎರಡನೆಯ ಸಲ. ಮೊದಲ ಸಲ ನಾಲ್ಕು ಪುಟ ಬರೆದಿದ್ದೆ. ಅದನ್ನು ಮೊಮ್ಮಗಳು ಶ್ರದ್ಧಾ ಮರಾಠಿಗೆ ತಿರುಗಿಸಿಕೊಂಡು ಸೋಲಾಪುರದ ಒಂದು ಸಭಾಗೃಹದಲ್ಲಿ ಮುನ್ನೂರು ಜನರ ಮುಂದೆ ಓದಿದಳು. ಜನ ಚಪ್ಪಾಳೆ ತಟ್ಟಿದರು. ಆ ನಾಲ್ಕು ಪುಟದಲ್ಲಿ ಒಂದು ಸಾಲು ಹೀಗಿತ್ತು: 'ತಂಗೆವ್ವನಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದವಳು ನಾನು.' ಅದು ಸುಳ್ಳು. ಯಾಕೆ ಬರೆದೆ ಅಂದರೆ ಹೊಟ್ಟೆಕಿಚ್ಚಿಗೆ ಬರೆದೆ. ಬೇರೆ ಕಾರಣ ಹುಡುಕುವುದಿಲ್ಲ. ಅರವತ್ತೊಂಬತ್ತು ವರ್ಷದ ಮುದುಕಿಗೆ ತನ್ನ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯದೇ?

ನಾನು ಲಕ್ಷ್ಮೀಬಾಯಿ. ತವರು ಸೋಲಾಪುರದ ಕಾಳುಕಡಿ ವ್ಯಾಪಾರದ ಮನೆ. ಕೊಟ್ಟದ್ದು ಅಕ್ಕಲಕೋಟ ತಾಲೂಕಿನ ವಾಗದರಿಗೆ, ಶಾಂತಲಿಂಗಪ್ಪ ಎಂಬ ನಲವತ್ತು ಎಕರೆ ಜೋಳದ ಹೊಲದವರಿಗೆ. ತಂಗೆವ್ವನಿಗೆ ಆಗ ಇದ್ದದ್ದು ಎರಡು ಕೈ, ಊರ ಹೊರಗಿನ ಓಣಿಯಲ್ಲಿ ಒಂದು ತಗಡಿನ ಗುಡಿಸಲು. ಗಂಡ ದುಡಿದದ್ದಕ್ಕಿಂತ ಮಲಗಿದ್ದೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ಅವಳು ನಮ್ಮ ಹೊಲಕ್ಕೆ ಹಕ್ಕಲು ಆಯಲು ಬರುತ್ತಿದ್ದಳು. ಕೊಯ್ಯುವಾಗ ಕೈತಪ್ಪಿ ಬಿದ್ದ ತೆನೆಗೆ ಹಕ್ಕಲು ಅನ್ನುತ್ತೇವೆ. ಬಿದ್ದ ತೆನೆ ಬಡವರದು, ಅದನ್ನು ಹೊಲದ ಒಡೆಯ ಬಗ್ಗಿ ಎತ್ತಬಾರದು ಎಂಬುದು ಊರ ಕಟ್ಟಳೆ.

ನನ್ನ ಅತ್ತೆ ಕಸ್ತೂರಬಾಯಿ ಆ ಕಟ್ಟಳೆಯನ್ನು ದೇವರ ಪೂಜೆಯ ಹಾಗೆ ನಡೆಸುತ್ತಿದ್ದರು. ಕೊಯ್ಯುವ ಆಳುಗಳ ಬೆನ್ನ ಹಿಂದೆ ನಿಂತು ಕೂಗುತ್ತಿದ್ದರು: "ಅಷ್ಟ್ ಬಳದ್ ತಗೀಬ್ಯಾಡ್ರೋ. ಹಿಂದ್ ಬರಾವ್ರಿಗಿ ನಾಕ್ ತೆನಿ ಬಿಡ್ರಿ. ಅವ್ರ ಉಡಿ ತುಂಬಿದ್ರ ನಮ್ಮ ಹಗೇವ ತುಂಬತದ." ಹಗೇವು ಅಂದರೆ ನೆಲದೊಳಗೆ ಜೋಳ ತುಂಬಿಡುವ ಕಣಜ. ಬಡವರು ಹಿಂದಿನ ಜನ್ಮದ ಕರ್ಮ ತೀರಿಸಲು ಹುಟ್ಟಿದ್ದಾರೆ, ಅವರಿಗೆ ಕೊಟ್ಟು ನಾವು ಮುಂದಿನ ಜನ್ಮ ಕಟ್ಟಿಕೊಳ್ಳಬೇಕು ಎಂದು ಅವರು ನಂಬಿದ್ದರು. ಹೀಗಾಗಿ ಬಡವರು ಬರದೇ ಹೋದರೆ ಅತ್ತೆಗೆ ಸಿಟ್ಟು ಬರುತ್ತಿತ್ತು. ಬಂದವರು ತೀರಾ ಹತ್ತಿರ ಬಂದರೂ ಸಿಟ್ಟು ಬರುತ್ತಿತ್ತು.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ನಿಂತ ಪೈರಿಗೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ, ಅಲ್ಲೇ ಸಾಲು ಹಿಡಿದು ಕೂತು ಉಣ್ಣುತ್ತದೆ. ನಮ್ಮ ಮನೆಯಿಂದ ಎರಡು ಬುಟ್ಟಿ ರೊಟ್ಟಿ ಹೋಗುತ್ತಿತ್ತು. ಮೊದಲನೆಯದು ಮನೆಯವರಿಗೆ, ಬೀಗರಿಗೆ, ಊರ ಹಿರಿಯರಿಗೆ. ಎರಡನೆಯದು ಬದುವಿನ ಆಚೆ ಕೂತ ಹಕ್ಕಲಿನವರಿಗೆ. ಅವರಿಗೆ ರೊಟ್ಟಿಯನ್ನು ಮೊಳ ಮೇಲಿನಿಂದ ಉಡಿಗೆ ಬಿಡಬೇಕು, ಬೆರಳು ತಾಗಬಾರದು. ಅವರ ಓಣಿಯವರ ಕೈಯ ನೀರನ್ನೂ ನಮ್ಮವರು ಕುಡಿಯುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ಮನೆಗೆ ಬಂದ ಹೊಸ ಸೊಸೆ ಮೊದಲ ಎಳ್ಳ ಅಮಾವಾಸ್ಯೆಗೆ ಎರಡೂ ಬುಟ್ಟಿಯ ರೊಟ್ಟಿ ತಾನೇ ಬಡಿಯಬೇಕು. ಅದು ಆ ಮನೆಯ ಪದ್ಧತಿ. ನಾನು ಪೇಟೆಯ ಹುಡುಗಿ. ತವರಿನಲ್ಲಿ ನಮಗೆ ಚಪಾತಿ, ಅನ್ನ. ಅಡುಗೆಗೆ ಆಳು ಬೇರೆ. ಹಬ್ಬಕ್ಕೆ ಎರಡು ದಿನ ಮೊದಲು ಅತ್ತೆ ನನ್ನನ್ನು ವಸ್ತಿಗೆ, ಅಂದರೆ ಹೊಲದ ಮನೆಗೆ, ಒಂದು ಚೀಲ ಹಿಟ್ಟಿನ ಜೊತೆ ಬಿಟ್ಟು ಹೋದರು. ಬಡಿದ ಮೊದಲ ರೊಟ್ಟಿ ಅಂಚಿನಲ್ಲಿ ಹರಿಯಿತು. ಎರಡನೆಯದು ನಡುವೆ ಹರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಹಿಟ್ಟನ್ನು ಬೈದೆ, ಹಂಚನ್ನು ಬೈದೆ, ನನ್ನನ್ನು ಈ ಊರಿಗೆ ಕೊಟ್ಟ ಅಪ್ಪನನ್ನೂ ಬೈದೆ. ಮೂವತ್ತು ಹರಕು ರೊಟ್ಟಿ ಗುಡ್ಡೆಯಾದ ಮೇಲೆ ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಆಗ ಒಲೆಗೆ ಹಾಕುವ ಕುಳ್ಳಿನ ಬುಟ್ಟಿ ಹೊತ್ತು ತಂಗೆವ್ವ ಬಾಗಿಲಿಗೆ ಬಂದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ಬುಟ್ಟಿ ಇಳಿಸಿ ಹೊಸ್ತಿಲ ಹೊರಗೇ ನಿಂತು ನೋಡಿದಳು.

"ಅವ್ವಾರ, ತಣ್ಣೀರ್ ಹಾಕೀರಿ. ಎಸರ್ ಕುದೀಬೇಕ್ರಿ. ಕುದಿಯೂ ನೀರಾಗ ಹಿಟ್ಟ ಕಲಸಿದ್ರ ಅಂಟ ಬರ್ತದ."

"ನಿನಗೇನ್ ಗೊತ್ತದ?" ಅಂದೆ. ಅಳು ಸಿಟ್ಟಾಗಿ ಬಂತು.

"ನನಗ ಜ್ವಾಳದ ಹಿಟ್ಟ ಸಿಗೂದು ವರ್ಷದಾಗ ನಾಕ್ ತಿಂಗಳರಿ. ಸಿಕ್ಕಿದ್ದು ಹರದು ಹಾಳಾಗಬಾರದಂತ ಕಲತೀನಿ."

ಅವಳು ಹೇಳಿದಂತೆ ಮಾಡಿದೆ. ಆದರೂ ಹರಿಯಿತು. ಹೇಳಿದ್ದನ್ನು ಕಿವಿ ಕೇಳುತ್ತದೆ, ಕೈ ಕೇಳಬೇಕಲ್ಲ. ಹೊತ್ತು ಇಳಿಯುತ್ತಿತ್ತು. ನಾನು ಎದ್ದು ಹೊರಗೆ ಆಚೀಚೆ ನೋಡಿದೆ, ತಂಗೆವ್ವನನ್ನು ಒಳಗೆ ಕರೆದು ಬಾಗಿಲು ಮುಚ್ಚಿದೆ. ಅವಳು ಕೈ ತೊಳೆದು ಒಲೆಯ ಮುಂದೆ ಕೂತಳು. ಆಮೇಲೆ ನಾನು ಕಂಡದ್ದನ್ನು ಇವತ್ತಿಗೂ ಮರೆತಿಲ್ಲ. ಹಿಟ್ಟಿನ ಉಂಡೆ ಅವಳ ಅಂಗೈ ಕೆಳಗೆ ತಾನೇ ತಿರುಗುತ್ತಿತ್ತು, ತಿರುಗುತ್ತಾ ಅಗಲವಾಗುತ್ತಿತ್ತು. ಹಂಚಿಗೆ ಬಿದ್ದ ರೊಟ್ಟಿಯ ಮೇಲೆ ಒದ್ದೆ ಬಟ್ಟೆ ಆಡಿಸಿದಳೆಂದರೆ ಅದು ಉಬ್ಬಿ ಏಳುತ್ತಿತ್ತು. ಕಾಗದದಷ್ಟು ತೆಳು. ಆ ಕೈಗಳು ನನಗೆ ಯಾಕೆ ಇಲ್ಲ ಎಂದು ಅಂದೇ ಹೊಟ್ಟೆಯಲ್ಲಿ ಉರಿ ಹತ್ತಿತು. ಅವಳಿಗೆ ಏನೂ ಇರಲಿಲ್ಲ, ನನಗೆ ಎಲ್ಲವೂ ಇತ್ತು. ಆದರೆ ಅವತ್ತು ಬೇಕಾಗಿದ್ದದ್ದು ಅವಳ ಹತ್ತಿರ ಇತ್ತು.

ತಂಗೆವ್ವನ ರೊಟ್ಟಿಯನ್ನು ಮೊದಲನೆಯ ಬುಟ್ಟಿಗೆ ಹಾಕಿದೆ. ನನ್ನ ಹರಕು ರೊಟ್ಟಿಯನ್ನು ಎರಡನೆಯ ಬುಟ್ಟಿಗೆ ಹಾಕಿದೆ.

ಹಬ್ಬದ ದಿನ ಹೊಲದಲ್ಲಿ ಬೀಗರು ಉಂಡರು, ಮಠದ ಅಯ್ಯನವರು ಉಂಡರು, ಊರ ಪಾಟೀಲರು ಎರಡು ಸಲ ಕೇಳಿ ಹಾಕಿಸಿಕೊಂಡರು. ಅತ್ತೆಯ ಎದೆ ಎರಡು ಗೇಣು ಮುಂದೆ ಬಂತು. "ಪ್ಯಾಟಿ ಹುಡಗಿ, ಏನ್ ಮಾಡ್ತಾಳಂತಿದ್ರಲ್ಲ? ನೋಡ್ರಿ, ನಮ್ಮ ಸೊಸಿ ಕೈಯಾಗ ಜ್ವಾಳ ಹೆಂಗ ಆಡ್ತದ!" ಅಂದರು. ನಾನು ಸೆರಗು ಎಳೆದುಕೊಂಡು ತಲೆ ತಗ್ಗಿಸಿದೆ. ಅದು ನಾಚಿಕೆ ಎಂದು ಎಲ್ಲರೂ ತಿಳಿದರು. ಆಮೇಲೆ ಎರಡನೆಯ ಬುಟ್ಟಿ ಹೊತ್ತು ಬದುವಿನ ಆಚೆ ಹೋದೆ. ಸಾಲಿನ ಕೊನೆಗೆ ತಂಗೆವ್ವ ಉಡಿ ಒಡ್ಡಿ ಕೂತಿದ್ದಳು. ಮೊಳ ಮೇಲಿನಿಂದ ನನ್ನ ಹರಕು ರೊಟ್ಟಿ ನಾಲ್ಕು ಅವಳ ಉಡಿಗೆ ಬಿಟ್ಟೆ. ಅವಳು ರೊಟ್ಟಿ ನೋಡಿದಳು, ನನ್ನ ಮುಖ ನೋಡಿದಳು, ಸಣ್ಣಗೆ ನಕ್ಕಳು.

"ಮುಂದಿನ ವರ್ಷ ಇವೂ ದುಂಡಗ ಆಗ್ತಾವ ತಗೋರಿ ಅವ್ವಾರ," ಅಂದಳು, ನನಗೊಬ್ಬಳಿಗೇ ಕೇಳುವಷ್ಟು.

ಆ ನಗೆಯಲ್ಲಿ ವ್ಯಂಗ್ಯ ಇದ್ದಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ. ಇರಲಿಲ್ಲ. ಅದಕ್ಕೇ ಕ್ಷಮಿಸಲಿಲ್ಲ.

ಮುಂದಿನ ವರ್ಷವೂ ಅವು ದುಂಡಗಾಗಲಿಲ್ಲ. ದಿನದ ರೊಟ್ಟಿ ಅಡುಗೆಯವಳು ಬಡಿಯುತ್ತಿದ್ದಳು, ಹಬ್ಬದ್ದು ಮಾತ್ರ ನನ್ನ ಪಾಲಿಗೇ ಉಳಿಯಿತು. ಹೀಗೆ ಹತ್ತೊಂಬತ್ತು ಎಳ್ಳ ಅಮಾವಾಸ್ಯೆ ನಡೆಯಿತು. ಪ್ರತಿ ಸಲವೂ ವಸ್ತಿಯ ಬಾಗಿಲು ಮುಚ್ಚುತ್ತಿತ್ತು. ಪ್ರತಿ ಸಲವೂ ತಂಗೆವ್ವನ ರೊಟ್ಟಿ ಬೀಗರ ಬಾಯಿಗೆ ಹೋಗುತ್ತಿತ್ತು, ನನ್ನದು ತಂಗೆವ್ವನ ಉಡಿಗೆ ಬೀಳುತ್ತಿತ್ತು. 'ಲಕ್ಷ್ಮೀಬಾಯಿ ಕೈ ರೊಟ್ಟಿ' ಎಂದು ಸುತ್ತ ಹತ್ತು ಹಳ್ಳಿಯಲ್ಲಿ ಹೆಸರಾಯಿತು. ಬೇರೆ ಮನೆಯವರು ತಮ್ಮ ಹೊಸ ಸೊಸೆಯಂದಿರನ್ನು ಕಲಿಯಲಿ ಎಂದು ನನ್ನ ಬಳಿ ಕಳಿಸತೊಡಗಿದರು. ಕೈ ಉಳುಕಿದೆ ಎಂದು ಹೇಳಿ ವಾಪಸು ಕಳಿಸುತ್ತಿದ್ದೆ. ಹತ್ತು ವರ್ಷ ನನ್ನ ಕೈ ಉಳುಕಿಕೊಂಡೇ ಇತ್ತು. ಅತ್ತೆ ಹಾಸಿಗೆ ಹಿಡಿದಾಗ ಬಾಯಿಗೆ ಬೇರೇನೂ ಹಿಡಿಸದೆ, ಹಬ್ಬದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡು ಎನ್ನುತ್ತಿದ್ದರು. ಅದನ್ನೂ ತಂಗೆವ್ವನೇ ಬಡಿದು ಕೊಟ್ಟಳು. ಯಾರ ಕೈಯ ನೀರು ಕುಡಿಯಬಾರದು ಎಂದು ನನಗೆ ಹೇಳಿಕೊಟ್ಟ ಅತ್ತೆ, ಆ ಕೈಯ ಅನ್ನ ಉಂಡು, ನನ್ನ ತಲೆ ಸವರಿ ಕಣ್ಣು ಮುಚ್ಚಿದರು.

ಅತ್ತೆ ಹೋದ ಮೇಲೆ ಯಜಮಾನರ ಕಾಲ ಬಂತು. ಅವರು ತಾಲೂಕಿನ ಸಭೆಗಳಿಗೆ ಹೋಗುವವರು, ಪೇಪರು ಓದುವವರು. ಕರ್ಮ, ಪುಣ್ಯ ಎಲ್ಲ ಅವರಿಗೆ ಹಳೆಯ ಮಾತು. ಒಂದು ಸುಗ್ಗಿಯಲ್ಲಿ ಹೇಳಿಯೇ ಬಿಟ್ಟರು: "ಬಡವ್ರು ಅಂತ ಯಾರೂ ಇಲ್ಲ. ಮೈಗಳ್ಳರದಾರ. ಬಿಟ್ಟಿ ಕೊಟ್ಟು ಕೊಟ್ಟು ನಾವs ಕೆಡಿಸೀವಿ." ಆ ವರ್ಷ ಹಕ್ಕಲು ನಿಂತಿತು. ಬಿದ್ದ ತೆನೆಗೆ ಆಡು ಬಿಟ್ಟರು. ಹಕ್ಕಲಿನವರು ಬದುವಿನ ಮೇಲೆ ನಿಂತು ಆಡು ಮೇಯುವುದನ್ನು ನೋಡಿ ವಾಪಸು ಹೋದರು. ಎರಡನೆಯ ಬುಟ್ಟಿಯೂ ನಿಂತಿತು.

ಅತ್ತೆ ಇದ್ದಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. ನನಗೆ ಖುಷಿಯಾಯಿತು. ತಂಗೆವ್ವ ಇನ್ನು ನಮ್ಮ ಹೊಲಕ್ಕೆ ಬರುವುದಿಲ್ಲ, ಅವಳ ಕೈ ನನ್ನ ಕಣ್ಣಿಗೆ ಬೀಳುವುದಿಲ್ಲ ಎಂದು ಖುಷಿಯಾಯಿತು. ಮುಂದಿನ ಹಬ್ಬಕ್ಕೆ ನಾನೇ ಬಡಿದೆ. ಉಂಡವರು ಒಬ್ಬರ ಮುಖ ಒಬ್ಬರು ನೋಡಿ, "ಅವ್ವಾರಿಗಿ ವಯಸ್ಸಾತು, ಮದಲಿನ ಕೈ ಉಳದಿಲ್ಲ" ಅಂದರು. ನನಗೆ ಆಗ ನಲವತ್ತು.

ಮಗ ಯುವರಾಜನ ಕಾಲಕ್ಕೆ ಬಡತನ ಮತ್ತೆ ಬೇರೆಯಾಯಿತು. ಸರಕಾರದವರು ಮನೆ ಮನೆಗೆ ಬಂದು ಬಡವರ ಯಾದಿ ಮಾಡಿದರು. ಗೋಡೆ ಎಂಥದು, ಹೊದ್ದುಕೊಳ್ಳಲು ಎಷ್ಟು ಅರಿವೆ, ದಿನಕ್ಕೆ ಎಷ್ಟು ಊಟ ಎಂದೆಲ್ಲ ಕೇಳಿ ಬರೆದುಕೊಂಡರು. ತಂಗೆವ್ವನಿಗೆ ಹಳದಿ ರೇಷನ್ ಕಾರ್ಡು ಬಂತು. ಆ ಹಳದಿ ಬಣ್ಣಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಬರದಂತಾಯಿತು. ಯುವರಾಜ ದಿನಾ ಒಂದೇ ಮಾತು: "ಬಡವರಾಗಾಕೂ ನಸೀಬ ಬೇಕವ್ವಾ." ಯಾದಿಯವರು ಮತ್ತೊಂದು ಸಲ ಬರುತ್ತಾರೆಂದು ಕೇಳಿ, ಬೈಕನ್ನು ಕಣಿಕೆಯ ಬಣವೆಯ ಹಿಂದೆ ನಿಲ್ಲಿಸಿ, ಎಂಟು ದಿನ ಗಡ್ಡ ಬಿಟ್ಟು, ಹಳೆಯ ಬನಿಯನ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತ. ಬಂದವರು ಎರಡು ಅಂತಸ್ತಿನ ಮನೆ ನೋಡಿ, ಅವನ ಬನಿಯನ್ ನೋಡಿ, ಚಹಾ ಕುಡಿದು ನಕ್ಕು ಹೋದರು. ಅಪ್ಪ ಮೈಗಳ್ಳರೆಂದು ಬೈದವರ ಸಾಲಿನಲ್ಲಿ ನಿಲ್ಲಲು ಮಗ ವೇಷ ಹಾಕಿದ್ದ. ನಾನು ಬೈಯಬೇಕಿತ್ತು. ಬೈಯಲಿಲ್ಲ, ಅವನಿಗೆ ಹಳೆಯ ಬನಿಯನ್ ಹುಡುಕಿಕೊಟ್ಟವಳೇ ನಾನು.

ಅಷ್ಟರಲ್ಲಿ ತಂಗೆವ್ವ ಓಣಿಯ ಹೆಂಗಸರನ್ನು ಕೂಡಿಸಿ ಬಚತ್ ಗಟ, ಅಂದರೆ ಉಳಿತಾಯದ ಸಂಘ, ಕಟ್ಟಿದಳು. ಹತ್ತು ಜನ ಸೇರಿ ಖಡಕ್ ರೊಟ್ಟಿ ಬಡಿಯತೊಡಗಿದರು. ತೆಳ್ಳಗೆ ಬಡಿದು, ಕೆಂಡದ ಪಕ್ಕ ಒಣಗಿಸಿ, ಪಾಕೀಟು ಮಾಡಿ ಮೊದಲು ಅಕ್ಕಲಕೋಟದಲ್ಲಿ ಮಾರಿದರು. ಪುಣೆ, ಮುಂಬಯಿಯಿಂದ ಬಂದ ಭಕ್ತರು ಅಲ್ಲಿನ ಸ್ವಾಮಿಗಳ ದರ್ಶನ ಮುಗಿಸಿ ಹೋಗುವಾಗ ಪ್ರಸಾದದ ಜೊತೆ ರೊಟ್ಟಿಯನ್ನೂ ಕಟ್ಟಿಸಿಕೊಂಡು ಹೋದರು. ನಾನು ಸಣ್ಣವಳಿದ್ದಾಗ ಅಕ್ಕಿ ಉಣ್ಣುವವರು ಸಾಹುಕಾರರು, ಜೋಳ ಉಣ್ಣುವವರು ಬಡವರು. ಈಗ ಬಡವರಿಗೆ ರೇಷನ್ ಅಕ್ಕಿ, ಸಕ್ಕರೆ ಕಾಯಿಲೆಯ ಸಾಹುಕಾರರಿಗೆ ಡಾಕ್ಟರು ಬರೆದುಕೊಟ್ಟ ಜೋಳ. ತಂಗೆವ್ವ ಮಾತ್ರ ಅಂದೂ ರೊಟ್ಟಿ ಬಡಿಯುತ್ತಿದ್ದಳು, ಇಂದೂ ಬಡಿಯುತ್ತಾಳೆ. ಅವಳ ಸುತ್ತ ನಮ್ಮ ತಲೆಗಳೇ ತಿರುಗಿದ್ದು.

ಒಂದು ದಿನ ಸೋಲಾಪುರಕ್ಕೆ ಹೋಗಿದ್ದೆ, ತಮ್ಮ ಚನ್ನವೀರಪ್ಪನ ಅಂಗಡಿಗೆ. ಅದು ನಮ್ಮ ಅಪ್ಪನ ಅಂಗಡಿ. ಅಪ್ಪನ ಕಾಲದಲ್ಲಿ ಸೋಮವಾರಕ್ಕೊಮ್ಮೆ ಬಡವರು ಹೊಸ್ತಿಲ ಕೆಳಗೆ ಸಾಲಾಗಿ ನಿಲ್ಲುತ್ತಿದ್ದರು, ಅಪ್ಪ ಚೀಲದಿಂದ ಹಿಡಿ ಹಿಡಿ ಕಾಳು ಹಾಕುತ್ತಿದ್ದ. ಈಗ ಅದೇ ಹೊಸ್ತಿಲ ಒಳಗೆ, ಗಾದಿಯ ಪಕ್ಕದ ಕುರ್ಚಿಯಲ್ಲಿ ತಂಗೆವ್ವ ಕೂತಿದ್ದಳು. ನನ್ನ ತಮ್ಮ, ಯಾರಿಗೂ ಎದ್ದು ನಿಲ್ಲದವನು, ಎದ್ದು ನಿಂತು ಬಸಿಯ ಜೊತೆ ಚಹಾದ ಕಪ್ಪು ಕೊಡುತ್ತಿದ್ದ. "ತಂಗೆವ್ವಾಬಾಯಿ, ಚಾ ತಗೋರಿ. ಈ ವಾರ ಮಾಲ್ ಕಮ್ಮಿ ಬಿತ್ತರಿ. ನಿಮ್ಮ ರೊಟ್ಟಿ ಅಂದ್ರ ಗಿರಾಕಿ ಕಾಯಾಕತ್ತಾರ." ತಂಗೆವ್ವಾಬಾಯಿ! ನಮ್ಮ ಮನೆಯ ಹೆಂಗಸರ ಹೆಸರಿಗೆ ಇದ್ದ ಆ 'ಬಾಯಿ'. ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಒಡಹುಟ್ಟಿದ ಅಕ್ಕ ಬಂದದ್ದು ಅವನ ಕಣ್ಣಿಗೆ ಬೀಳಲು ಸುಮಾರು ಹೊತ್ತಾಯಿತು. ಮೊದಲು ನೋಡಿದವಳು ತಂಗೆವ್ವ. ತಟ್ಟನೆ ಎದ್ದು ಕುರ್ಚಿ ನನ್ನ ಕಡೆ ಸರಿಸಿದಳು.

"ಬರ್ರಿ ಅವ್ವಾರ, ಕೂಡ್ರಿ."

ನನ್ನ ತವರಿನಲ್ಲಿ ನನಗೆ ಕುರ್ಚಿ ಕೊಡಲು ಅವಳು ಯಾರು? ಕೂರಲಿಲ್ಲ. ಕಾಲು ನೋಯುತ್ತಿತ್ತು, ಆದರೂ ಕೂರಲಿಲ್ಲ.

ಗಾದಿಯ ಹಿಂದೆ ಪಾಕೀಟುಗಳು ಇದ್ದವು. ಮೇಲೆ ಒಂದು ಫೋಟೋ. ಅವಳ ಮುಖ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಬರೀ ಕೈ, ಹಂಚಿನ ಮೇಲೆ ರೊಟ್ಟಿ ತಿರುವುವ ಕೈ. ಅವಳು ಹೋದ ಮೇಲೆ ಒಂದು ಪಾಕೀಟನ್ನು ಸೆರಗಿನೊಳಗೆ ಹಾಕಿಕೊಂಡೆ. ರೈಲು ಹೋಟಗಿ ದಾಟುವಷ್ಟರಲ್ಲಿ ಅರ್ಧ ಮುಗಿದಿತ್ತು. ಮುರಿದಾಗ ಅದೇ ಸದ್ದು, ಬಾಯಲ್ಲಿ ಅದೇ ರುಚಿ. ಹತ್ತೊಂಬತ್ತು ವರ್ಷ ನನ್ನ ಹೆಸರು ಹೊತ್ತು ತಿರುಗಿದ ರುಚಿ. ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ. ನಾನು ಅವಳ ರೊಟ್ಟಿ ಉಂಡು ಅವಳದೇ ಜಂತಿ ಎಣಿಸುತ್ತಾ ಅಕ್ಕಲಕೋಟದವರೆಗೆ ಬಂದೆ.

ಇದಾದ ವರ್ಷಕ್ಕೆ ಶ್ರದ್ಧಾ ಬಂದು ಪಕ್ಕ ಕೂತಳು. ಯುವರಾಜನ ಮಗಳು, ಸೋಲಾಪುರದಲ್ಲಿ ಬಚತ್ ಗಟಗಳಿಗೆ ಮಾರಾಟ ಹೇಳಿಕೊಡುವ ಸಂಸ್ಥೆಯಲ್ಲಿ ಕೆಲಸ. "ಆಯಿ, ತಂಗೆವ್ವ ಆಯಿದು ಸತ್ಕಾರ ಇಟ್ಟೀವಿ. ಆಕಿ ಜೀವನದ್ದು ನಾಕ್ ಪಾನ ಬರದ್ ಕೊಡ. ಆಕಿಗಿ ಬರೀಲಾಕ್ ಬರಂಗಿಲ್ಲ, ನನಗ ಕನ್ನಡ ಓದಾಕ್ ಬರಂಗಿಲ್ಲ. ನೀ ಓದಿ ಹೇಳ, ನಾ ಮರಾಠಿ ಮಾಡ್ತೀನಿ."

"ಆ ಬಡವಿದು ಏನ್ ಬರೀಲಿ?" ಅಂದೆ.

"ಬಡವಿ ಅನಬಾರ್ದ ಆಯಿ. ಉದ್ಯೋಜಿಕಾ ಅನಬೇಕು, ಸ್ವಂತ ಉದ್ಯೋಗದಾಕಿ. ಆಕಿ ನಮಗೆಲ್ಲ ಪ್ರೇರಣಾ."

ಅತ್ತೆಗೆ ಬಡವರು ಪುಣ್ಯದ ದಾರಿ, ಗಂಡನಿಗೆ ಮೈಗಳ್ಳರು, ಮಗನಿಗೆ ನಸೀಬವಂತರು, ಮೊಮ್ಮಗಳಿಗೆ ಪ್ರೇರಣೆ. ಒಬ್ಬರಾದರೂ ಅವಳನ್ನು ಕರೆದು, ತಂಗೆವ್ವಾ, ನೀನು ಯಾರು ಎಂದು ಕೇಳಲಿಲ್ಲ. ಕೇಳದೆಯೇ ಗೊತ್ತಿದ್ದವಳು ನಾನೊಬ್ಬಳು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಬರೆಯಲು ಕೂತೆ. ನಾಲ್ಕನೇ ಪುಟಕ್ಕೆ ಬಂದಾಗ, ಇಷ್ಟೆಲ್ಲ ಚಪ್ಪಾಳೆಯಲ್ಲಿ ನನಗೊಂದು ಪಾಲಾದರೂ ಬೇಡವೇ ಅನ್ನಿಸಿತು. ಆಗ ಆ ಸಾಲು ಬರೆದೆ. ಶ್ರದ್ಧಾಗೆ ಓದಿ ಹೇಳಿದಾಗ ಅವಳು ಕುಣಿದಾಡಿದಳು. "ಆಯಿ! ಇಷ್ಟ ದಿನ ಹೇಳಿಲ್ಲಲ್ಲ ನೀ!" ಎಂದು ನನ್ನ ಕೆನ್ನೆ ಹಿಂಡಿದಳು. ಅವಳ ಸಂತೋಷ ನೋಡಿದ ಮೇಲೆ ಅಳಿಸುವ ಧೈರ್ಯ ಬರಲಿಲ್ಲ. ಅಳಿಸುವ ಮನಸ್ಸೂ ಇರಲಿಲ್ಲ.

ಸತ್ಕಾರದ ದಿನ ಸಭಾಗೃಹ ತುಂಬಿತ್ತು. ವೇದಿಕೆಯ ಮೇಲೆ ತಂಗೆವ್ವ ಹಸಿರು ಸೀರೆಯಲ್ಲಿ ಕೂತಿದ್ದಳು, ಹೆಗಲ ಮೇಲೆ ಶಾಲು, ಕೈಯಲ್ಲಿ ತೆಂಗಿನಕಾಯಿ. ನಾನು ಮುಂದಿನ ಸಾಲಿನಲ್ಲಿ. ಒಂದು ಕಡೆ ಚನ್ನವೀರಪ್ಪ, ಇನ್ನೊಂದು ಕಡೆ ಯಜಮಾನರು. ಹಿಂದೆ ವಾಗದರಿಯಿಂದ ಬಂದ ಒಂದು ಟೆಂಪೋ ಹೆಂಗಸರು. ಶ್ರದ್ಧಾ ಓದುತ್ತಾ ಓದುತ್ತಾ ಆ ಸಾಲಿಗೆ ಬಂದಳು. ಓದಿ, ನಿಲ್ಲಿಸಿ, ನನ್ನ ಕಡೆ ಕೈ ಮಾಡಿ, ಅವರೇ ನನ್ನ ಅಜ್ಜಿ ಎಂದು ಮರಾಠಿಯಲ್ಲಿ ಹೇಳಿದಳು. ಮುನ್ನೂರು ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈ ಮುಗಿದೆ. ಮುಗಿಯುವಾಗ ತಂಗೆವ್ವನ ಮುಖ ಕಂಡಿತು. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಬದುವಿನ ಆಚೆ ಕೂತು ನೋಡಿದಂತೆಯೇ.

ಆಮೇಲೆ ಅವಳ ಕೈಗೆ ಮೈಕು ಕೊಟ್ಟರು.

ನನಗೆ ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ. ಅವಳಿಗೆ ಓದಲು ಬರುವುದಿಲ್ಲ ಎಂದು ಧೈರ್ಯದಿಂದ ಬರೆದಿದ್ದೆ. ಕಿವಿ ಇದೆ, ಬಾಯಿ ಇದೆ ಎಂಬುದನ್ನು ಮರೆತಿದ್ದೆ. ಒಂದು ಮಾತು ಸಾಕಿತ್ತು. 'ಇಲ್ರಿ, ಅವ್ವಾರ ಹಬ್ಬದ ರೊಟ್ಟಿ ಹತ್ತೊಂಬತ್ತು ವರ್ಷ ನಾನs ಬಡದೀನಿ' ಅಂದರೆ ಮುಗಿಯಿತು. ನನ್ನ ಹೆಸರು ಹೋಗುತ್ತಿತ್ತು, ಸತ್ತ ಅತ್ತೆಯ ಮಡಿ ಹೋಗುತ್ತಿತ್ತು, ಪಕ್ಕದಲ್ಲಿ ಕೂತ ಗಂಡನ ಮುಖ ಹೋಗುತ್ತಿತ್ತು. ವೇದಿಕೆಯ ಮೇಲೆ ನಿಂತ ಮೊಮ್ಮಗಳು ಎಲ್ಲರೆದುರು ಸುಳ್ಳುಗಾರ್ತಿಯಾಗುತ್ತಿದ್ದಳು. ದೇವರೇ, ಈ ಮುದುಕಿಗೆ ಮಾತು ಬರದಿರಲಿ ಎಂದು ಬೇಡಿಕೊಂಡೆ.

ತಂಗೆವ್ವ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದಳು.

"ಹೌದ್ರಿ," ಅಂದಳು. "ಲಕ್ಷ್ಮೀಬಾಯಿ ಅವ್ವಾರs ಕಲಿಸ್ಯಾರ. ಹಿಟ್ಟ ಅವರದು, ಒಲಿ ಅವರದು. ನಂದೇನದರಿ?"

ಅಷ್ಟು ಹೇಳಿ ಮೈಕು ಕೊಟ್ಟು ವೇದಿಕೆ ಇಳಿದು ಬಂದಳು. ಮೊಣಕಾಲು ನೋವಿನಿಂದ ಒಂದೊಂದೇ ಮೆಟ್ಟಿಲು ಇಳಿದಳು. ನನ್ನ ಮುಂದೆ ಬಂದು ನಿಂತು ತನಗೆ ಕೊಟ್ಟ ತೆಂಗಿನಕಾಯಿ ಮುಂದೆ ಹಿಡಿದಳು. ನನಗೆ ತಿಳಿಯದ ಹಾಗೆ ನನ್ನ ಕೈ ಸೆರಗು ಹಿಡಿದು ಉಡಿ ಒಡ್ಡಿತು. ಅವಳು ಮೇಲಿನಿಂದ ಬಿಡಲಿಲ್ಲ. ಬಾಗಿ, ನನ್ನ ಉಡಿಯಲ್ಲಿ ಕೈ ಇಟ್ಟು, ಕಾಯಿ ಇಟ್ಟು, ಆಮೇಲೆ ಕೈ ತೆಗೆದಳು.

ಜನ ಮತ್ತೆ ಚಪ್ಪಾಳೆ ತಟ್ಟಿದರು. ಚನ್ನವೀರಪ್ಪ ಕಣ್ಣು ಒರೆಸಿಕೊಂಡ.

ಊಟವಾದ ಮೇಲೆ ಹೊರಗೆ ನಳದ ಹತ್ತಿರ ಅವಳೊಬ್ಬಳೇ ಸಿಕ್ಕಳು. ನಾನು ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದೆ.

"ಯಾಕ ಸುಳ್ಳ ಹೇಳ್ದಿ? ಖರೇ ಹೇಳಬೇಕಾಗಿತ್ತಿಲ್ಲ? ಯಾರ್ ಹಿಡದಿದ್ರು ನಿನಗ?" ಅವಳು ನನ್ನನ್ನು ಉಳಿಸಿದ್ದಳು, ನಾನು ಅವಳ ಮೇಲೆ ರೇಗುತ್ತಿದ್ದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನೀವು ಹಸದಿದ್ರಿ ಅವ್ವಾರ."

"ಏನಂದಿ?"

"ಹಸದವರ ಮಾರಿ ನನಗ ದೂರಿಂದs ಗೊತ್ತಾಗ್ತದ್ರಿ. ನಾ ಅದರಾಗs ಬೆಳದಾಕಿ. ಆ ಹುಡಗಿ ಓದೂ ಮುಂದ ನಿಮ್ಮ ಮಾರಿ ಹಂಗಿತ್ತು. ಹಸದವರಿಗಿ ಕೊಡೂ ಮುಂದ ಯಾಕಂತ ಕೇಳಬಾರದಂತ ನಿಮ್ಮತ್ತಿ ದೊಡ್ಡವ್ವಾರ ಹೇಳ್ತಿದ್ರಲ್ಲರಿ." ಕೈ ಒರೆಸಿದ ಸೆರಗು ಹೆಗಲಿಗೆ ಹಾಕಿಕೊಂಡು, "ಟೆಂಪೋ ಹೊಂಟದ, ಬರ್ರಿ. ನಿಮಗ ಮುಂದಿನ ಸೀಟ ಹಿಡದೀನಿ," ಅಂದಳು.

ಟೆಂಪೋದಲ್ಲಿ ಅವಳ ಪಕ್ಕವೇ ಕೂತು ಊರಿಗೆ ಬಂದೆ. ದಾರಿಯುದ್ದಕ್ಕೂ ಅವಳು ಕುಲುಕಾಟಕ್ಕೆ ನಿದ್ದೆ ಹೋಗಿ ನನ್ನ ಹೆಗಲಿಗೆ ತಲೆ ಆನಿಸಿದ್ದಳು. ನಾನು ಸರಿಯಲಿಲ್ಲ. ಉಡಿಯಲ್ಲಿದ್ದ ತೆಂಗಿನಕಾಯಿ ಭಾರವಾಗಿತ್ತು.

ಇದಾಗಿ ಹದಿನೆಂಟು ದಿನವಾಯಿತು. ಕಾಯಿ ದೇವರ ಮುಂದಿದೆ, ಒಡೆಯಲು ಕೈ ಬರುತ್ತಿಲ್ಲ. ಹೊಟ್ಟೆಕಿಚ್ಚು ಹೋಯಿತೇ ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಮೊದಲು ಅವಳ ರೊಟ್ಟಿ ಬಡಿಯುವ ಕೈಗೆ ಉರಿಯುತ್ತಿದ್ದೆ. ಈಗ ಕೊಡುವ ಕೈಗೆ ಉರಿಯುತ್ತೇನೆ. ನಲವತ್ತು ಎಕರೆ ಇಟ್ಟುಕೊಂಡು ನಮ್ಮ ಮನೆಯವರು ಅಷ್ಟು ವರ್ಷ ಕೊಟ್ಟರೂ ಹಾಗೆ ಬಾಗಿ ಕೊಡಲು ಒಬ್ಬರಿಗೂ ಬರಲಿಲ್ಲ.

ಶ್ರದ್ಧಾ ಭಾನುವಾರ ಬರುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಇದನ್ನು ನಾನೇ ನನ್ನ ಬಾಯಿಯಿಂದ ಓದಿ ಹೇಳಬೇಕು. ವಸ್ತಿಯ ಬಾಗಿಲು ಮುಚ್ಚಿದೆ ಎಂಬಲ್ಲಿಗೆ ಬಂದಾಗ ಧ್ವನಿ ನಿಲ್ಲುತ್ತದೇನೋ. ನಿಂತರೂ ನೀರು ಕುಡಿದು ಮುಂದೆ ಓದುತ್ತೇನೆ. ಮರಾಠಿ ಮಾಡು, ಮೊದಲನೆಯದನ್ನು ಯಾರ ಮುಂದೆ ಓದಿದೆಯೋ ಇದನ್ನೂ ಅವರ ಮುಂದೆಯೇ ಓದು ಎಂದು ಹೇಳುತ್ತೇನೆ. ಮುಂದಿನ ಸಾಲಿನಲ್ಲಿ ತಂಗೆವ್ವ ಕೂತಿರಲಿ. ಈ ಸಲ ನನ್ನ ರೊಟ್ಟಿ ದುಂಡಗಾಗಿದೆಯೋ ಇಲ್ಲವೋ ಅವಳೇ ನೋಡಿ ಹೇಳಲಿ.